ಕುಂಡದಲ್ಲೊಂದು ತುಂಬೆ

ಶಿವರಾತ್ರಿ ಬಂದಾಗ ತುಂಬೆ ಹೂವಿಗಾಗಿ ಊರೆಲ್ಲ ಹುಡುಕುತ್ತೇವೆ. ಉಳಿದ ದಿನಗಳಲ್ಲಿ ಅದನ್ನೇ ಕಳೆಯೆಂದು ಕಿತ್ತೆಸೆಯುತ್ತೇವೆ. ನನಗಿದು ಸರಿ ಕಾಣುವುದಿಲ್ಲ.

ರಸ್ತೆ ಬದಿಯ ಒಣಗಿದ ಗಿಡದಿಂದ ಬೀಜ ಉದುರಿಸಿ ತಂದು ಬಾಲ್ಕನಿಯ ಕುಂಡದಲ್ಲಿ ಚೆಲ್ಲಿದ್ದೆ. ಗೊಬ್ಬರ, ಔಷಧಿ ಏನೂ ಬೇಕಾಗಲಿಲ್ಲ. ಬಿಸಿಲು, ಒಂದಿಷ್ಟು ನೀರು ಸಾಕಾಯಿತು. ಈಗ ಗೆಣ್ಣುಗೆಣ್ಣಿಗೂ ದುಂಡನೆಯ ಹಸಿರು ಗೊಂಚಲು, ಅದರ ಸುತ್ತ ಪುಟ್ಟ ಬಿಳಿ ಹೂಗಳು. ಕೆಳಗಿನ ಅಗಲ ಎಸಳೇ ಜೇನ್ನೊಣಕ್ಕೆ ಮಣೆ. ಅಲ್ಲಿ ಕೂತು ಮಕರಂದಕ್ಕೆ ಮೂತಿ ತೂರಿಸಿದರೆ ಮೇಲಿನ ಎಸಳಿನಡಿ ಅಡಗಿರುವ ಪರಾಗ ಅದರ ಮೈಗೆ ಮೆತ್ತಿಕೊಳ್ಳುತ್ತದೆ. ಎಷ್ಟು ಚೆಂದದ ಏರ್ಪಾಡು! ಸಣ್ಣ ಚಿಟ್ಟೆಗಳೂ ಬರುತ್ತವೆ.

ಗಿಡದ ಆಯುಸ್ಸು ಕಡಿಮೆ. ಆದರೆ ಬೀಜ ಉದುರಲು ಬಿಟ್ಟರೆ ಮುಂದಿನ ಮಳೆಗೆ ತಾನೇ ಮೊಳೆಯುತ್ತದೆ. ನಿಮ್ಮ ಅಂಗಳದಲ್ಲೂ ಎದ್ದಿದ್ದರೆ ದಯವಿಟ್ಟು ಕೀಳಬೇಡಿ.