ಬಣ್ಣ ಬಳಿಯದ ಮುಚ್ಚಳ

ಜಪಾನಿನ ನಿಸ್ಸಾನ್ ಕಾರ್ಖಾನೆಯವರು ೨೦೦೦ನೆಯ ಇಸವಿಯಲ್ಲಿ ತಮ್ಮ ಸ್ಕೈಲೈನ್ ಜಿ.ಟಿ.-ಆರ್. ಎಂಬ ವೇಗದ ಮೋಟಾರು ಗಾಡಿಯ ಒಂದು ಹೊಸ ಬಗೆಯನ್ನು ಪೇಟೆಗೆ ತಂದರು. ವಿ-ಸ್ಪೆಕ್ ಎರಡು ಎಂಬುದು ಅದರ ಹೆಸರು. ಯಂತ್ರದ ಮೇಲಿನ ಮುಚ್ಚಳ, ಎಂದರೆ ಬಾನೆಟ್ಟು, ಲೋಹದ್ದಾಗಿರದೆ ಕಾರ್ಬನ್ ಫೈಬರಿನದಾಗಿದ್ದುದು ಅದರ ವಿಶೇಷಗಳಲ್ಲೊಂದು. ಇಂಗಾಲದ ಎಳೆಗಳನ್ನು ಬಟ್ಟೆಯಂತೆ ನೆಯ್ದು, ರಾಳದಲ್ಲಿ ತೋಯಿಸಿ, ಅಚ್ಚಿನಲ್ಲಿ ಗಟ್ಟಿಮಾಡಿದ ಪದಾರ್ಥ ಅದು. ಇಷ್ಟು ಬೆಲೆಬಾಳುವ ವಸ್ತುವನ್ನು ಮಾಡಿದವರು ಆಮೇಲೆ ಮಾಡಿದುದೇನು? ಗಾಡಿಯ ಉಳಿದ ಮೈಗೆ ಬಳಿದ ಬಣ್ಣವನ್ನೇ ಅದಕ್ಕೂ ಬಳಿದುಬಿಟ್ಟರು. ಮುಚ್ಚಳವನ್ನು ಎತ್ತಿ ಒಳಮೈಯನ್ನು ನೋಡಿದವನಿಗೆ ಮಾತ್ರ ಆ ಕರಿಯ ನೆಯ್ಗೆ ಕಾಣುತ್ತಿತ್ತು.

ಇಂದು ಅದೇ ಗಾಡಿಗೂ ಅದರ ಓರಗೆಯ ಇತರ ಗಾಡಿಗಳಿಗೂ, ಮೂಲ ಕಾರ್ಖಾನೆಗೆ ಸಂಬಂಧಪಡದ ಹೊರಗಿನ ತಯಾರಕರು ಕಾರ್ಬನ್ನಿನ ಬಾನೆಟ್ಟುಗಳನ್ನೂ, ಮಡ್‌ಗಾರ್ಡುಗಳನ್ನೂ, ಡಿಕ್ಕಿಯ ಮುಚ್ಚಳಗಳನ್ನೂ, ಬಾಲದ ರೆಕ್ಕೆಗಳನ್ನೂ ಮಾಡಿ ಮಾರುತ್ತಾರೆ. ಅವುಗಳಲ್ಲಿ ಬಹುಪಾಲಿಗೆ ಬಣ್ಣವೇ ಇರುವುದಿಲ್ಲ. ತಿಳಿಯಾದ ವಾರ್ನಿಷಿನ ಒಂದು ಲೇಪ, ಅಷ್ಟೆ. ಕೊಂಡವನೂ ಬಣ್ಣ ಬಳಿಸುವುದಿಲ್ಲ. ಬಳಿಸಿದರೆ ಕೊಂಡುದರ ಫಲವೇನು ಎಂದು ಕೇಳುತ್ತಾನೆ. ಕಾರ್ಖಾನೆ ಮರೆಸಿದುದನ್ನು ಮೆರೆಸುವುದಕ್ಕಾಗಿ ಅವನು ಹಣ ತೆತ್ತಿರುವನು. ಮರೆಸುವುದಕ್ಕೂ ಮೆರೆಸುವುದಕ್ಕೂ ಕನ್ನಡದಲ್ಲಿ ಒಂದು ಎತ್ವದಷ್ಟೇ ಅಂತರ. ಗಾಡಿಯ ವಿಷಯದಲ್ಲಿ ಆ ಅಂತರವು ಒಮ್ಮೊಮ್ಮೆ ಪ್ರಾಣದವರೆಗೆ ಹೋಗುತ್ತದೆ.

ಈ ಕರಿಯ ನೂಲಿನ ಪೂರ್ವಚರಿತ್ರೆ ಸ್ವಾರಸ್ಯವಾದುದು. ೧೮೮೦ರ ಸುಮಾರಿಗೆ ಎಡಿಸನ್ನರು ತಮ್ಮ ವಿದ್ಯುದ್ದೀಪಕ್ಕಾಗಿ ನಾನಾ ಬಗೆಯ ಸಸ್ಯದ ನಾರುಗಳನ್ನು ಸುಟ್ಟು ಇಂಗಾಲವಾಗಿಸಿ ನೋಡಿ, ಜಪಾನಿನ ಕ್ಯೋಟೋ ನಗರದ ಸಮೀಪದ ಯಾವತ ಎಂಬೂರಿನ ಬಿದಿರನ್ನು ಆರಿಸಿಕೊಂಡರು. ಅಲ್ಲಿಯ ಹಾಚಿಮಾನ್ ದೇವಸ್ಥಾನದ ಆವರಣದಲ್ಲಿ ಅವರ ಸ್ಮಾರಕವಿದೆ. ಆದರೆ ಆ ಎಳೆ ಬೆಳಕು ಕೊಟ್ಟಿತೇ ಹೊರತು ಭಾರ ಹೊರಲಿಲ್ಲ. ಇಂಗಾಲದ ಎಳೆಯಲ್ಲಿ ಉಕ್ಕನ್ನು ಮೀರಿಸುವ ಬಲವಿರಬಲ್ಲುದೆಂಬುದನ್ನು ಅಮೆರಿಕದ ರೋಜರ್ ಬೇಕನ್ನರು ೧೯೫೮ರಲ್ಲಿ ಕಂಡರು. ಒಸಾಕಾದ ಸರ್ಕಾರಿ ಸಂಶೋಧನಾಲಯದ ಅಕಿಯೋ ಶಿಂಡೋ ಅವರು ೧೯೬೦ರ ಆಚೀಚೆ ಅಕ್ರಿಲಿಕ್ ನೂಲನ್ನು ಸುಟ್ಟು ಅಂಥ ಎಳೆಯನ್ನು ಪಡೆಯುವ ಹಾದಿಯನ್ನು ತೋರಿಸಿದರು. ಅದೇ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾಲಯದವರು ಆ ಹಾದಿಯನ್ನು ಇನ್ನಷ್ಟು ಹಸನುಮಾಡಿದರು. ೧೯೭೧ರಲ್ಲಿ ಜಪಾನಿನ ಟೋರೇ ಕಂಪೆನಿಯವರು ಅದನ್ನು ವ್ಯಾಪಾರಕ್ಕೆ ತಯಾರಿಸತೊಡಗಿದರು. ಮೊದಮೊದಲು ಅದರಿಂದಾದುದು ಮೀನಿನ ಗಾಳದ ಕೋಲು, ಗಾಲ್ಫ್ ಆಟದ ದಾಂಡು. ಮಹಾವಸ್ತುಗಳು ಹೀಗೆ ಆಟದ ಬಾಗಿಲಿನಿಂದ ಲೋಕವನ್ನು ಹೊಕ್ಕುದು ಇದೇ ಮೊದಲಲ್ಲ.

ಚಳಿಗಾಲದ ಅಗ್ಗದ ಸ್ವೆಟರು ಯಾವ ಜಾತಿಯ ನೂಲಿನದೋ ಇದೂ ಆ ಜಾತಿಯದೇ. ಆ ನೂಲನ್ನು ಬಿಗಿಯಾಗಿ ಎಳೆದು ಹಿಡಿದು ಗಾಳಿಯಲ್ಲಿ ೨೦೦ರಿಂದ ೩೦೦ ಡಿಗ್ರಿಯವರೆಗೆ ಕಾಯಿಸುತ್ತಾರೆ. ಅನಂತರ ಆಮ್ಲಜನಕ ಸೋಕದ ಕುಲುಮೆಯಲ್ಲಿ ೧೦೦೦ ಡಿಗ್ರಿಗೂ ಮೀರಿದ ಶಾಖಕ್ಕೆ ಒಡ್ಡುತ್ತಾರೆ. ಸುಮಾರು ಅರ್ಧ ತೂಕ ಹೊಗೆಯಾಗಿ ಹೋಗುತ್ತದೆ. ಉಳಿಯುವ ಎಳೆ ತಲೆಗೂದಲಿನ ಹತ್ತರಲ್ಲೊಂದು ಪಾಲಿನಷ್ಟು ದಪ್ಪ. ಅಂಥ ೩೦೦೦ ಎಳೆಗಳನ್ನು ತಿರುಚದೆ ಒಟ್ಟಿಗೆ ಹಿಡಿದು ಒಂದು ಪಟ್ಟಿಯಾಗಿಸಿ ಮಗ್ಗಕ್ಕೇರಿಸುತ್ತಾರೆ. ಹಾಸು, ಹೊಕ್ಕು, ಅಂಚು ಎಲ್ಲವೂ ನಮ್ಮ ನೇಕಾರರ ಮಾತುಗಳೇ ಅಲ್ಲಿಯೂ ಸಲ್ಲುತ್ತವೆ. ಎರಡು ಎಳೆಯ ಮೇಲೆ, ಎರಡು ಎಳೆಯ ಕೆಳಗೆ ಹಾಯ್ದು, ಸಾಲಿನಿಂದ ಸಾಲಿಗೆ ಒಂದು ಹೆಜ್ಜೆ ಸರಿಯುವ ಓರೆ ನೆಯ್ಗೆಯೇ ಈ ಬಾನೆಟ್ಟುಗಳಲ್ಲಿ ಹೆಚ್ಚಾಗಿ ಕಾಣತಕ್ಕದ್ದು. ಬಿಸಿಲು ಬಿದ್ದಾಗ ಒಂದು ದಿಕ್ಕಿನ ಎಳೆ ಬೆಳ್ಳಿಯಂತೆ ಹೊಳೆದು ಇನ್ನೊಂದು ದಿಕ್ಕಿನದು ಕಪ್ಪಾಗಿಯೇ ಉಳಿಯುತ್ತದೆ; ನೋಡುವವನು ಒಂದು ಹೆಜ್ಜೆ ಸರಿದರೆ ಬೆಳಕು ಕತ್ತಲೆಗಳು ತಾವು ಬದಲಿಸಿಕೊಳ್ಳುತ್ತವೆ. ಇದಕ್ಕೆ ಮರುಳಾದವರನ್ನು ಹಳಿಯುವುದು ಸುಲಭವಲ್ಲ. ಆದರೆ ಒಂದು ಮಾತು. ನೆಯ್ದ ಎಳೆ ಮೇಲೆ ಕೆಳಗೆ ಬಳುಕುತ್ತದೆ. ಬಳುಕಿದ ಎಳೆಗೆ ನೆಟ್ಟಗೆ ಮಲಗಿದ ಎಳೆಯಷ್ಟು ಬಿಗುಪಿಲ್ಲ. ಬಿಗುಪೊಂದನ್ನೇ ಬಯಸುವ ವಿಮಾನದ ರೆಕ್ಕೆಯಲ್ಲಿ ಸಾಮಾನ್ಯವಾಗಿ ಎಳೆಗಳನ್ನು ನೆಯ್ಯದೆ, ಒಂದೇ ದಿಕ್ಕಿನ ಪಟ್ಟಿಗಳಾಗಿ ಪದರಪದರವಾಗಿ ಹಾಸುತ್ತಾರೆ. ಅದು ನೋಟಕ್ಕೆ ಸಪ್ಪೆ. ಬಾನೆಟ್ಟಿನ ಮೇಲಣ ಚೆಂದದ ನೆಯ್ಗೆಗೆ ಕಣ್ಣಿನ ಸೆಳೆತವೂ ಒಂದು ಕಾರಣ.

ಈ ವಸ್ತುವಿನ ಕೀರ್ತಿಯೂ ಅದರ ದೋಷವೂ ಹತ್ತು ವರ್ಷಗಳ ಅಂತರದ ಎರಡು ಘಟನೆಗಳಿಂದ ಲೋಕಕ್ಕೆ ತಿಳಿದುವು. ಇಂಗ್ಲೆಂಡಿನ ರೋಲ್ಸ್‌ರಾಯ್ಸ್ ಕಂಪೆನಿಯವರು ತಮ್ಮ ಆರ್.ಬಿ. ೨೧೧ ಎಂಬ ವಿಮಾನಯಂತ್ರದ ಮುಂದಣ ಬೀಸಣಿಗೆಯ ಅಲಗುಗಳನ್ನು ಕಾರ್ಬನ್ ಫೈಬರಿನಿಂದ ಮಾಡಹೊರಟರು. ಹಕ್ಕಿ ಬಡಿದರೆ ತಡೆಯುವುದೇ ಎಂಬ ಪರೀಕ್ಷೆಯಲ್ಲಿ ಅಲಗುಗಳು ನಿಲ್ಲಲಿಲ್ಲ. ಟೈಟೇನಿಯಮ್ ಲೋಹಕ್ಕೆ ಹಿಂದಿರುಗಬೇಕಾಯಿತು. ಆ ಯಂತ್ರದ ಒಟ್ಟು ವೆಚ್ಚದ ಹೊರೆಯಿಂದ ೧೯೭೧ರ ಫೆಬ್ರವರಿಯಲ್ಲಿ ಕಂಪೆನಿಯೇ ದಿವಾಳಿಯಾಯಿತು. ಎಳೆಯ ದಿಕ್ಕಿನಲ್ಲಿ ಎಳೆದರೆ ಮಣಿಯದ ವಸ್ತು ಅಡ್ಡಪೆಟ್ಟಿಗೆ ಒಡೆಯುತ್ತದೆಯೆಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಎರಡನೆಯದು ೧೯೮೧ರದು. ಜಾನ್ ಬಾರ್ನಾರ್ಡರು ಮೆಕ್ಲಾರೆನ್ ತಂಡದ ಪಂದ್ಯದ ಗಾಡಿಗೆ, ಚಾಲಕನು ಕೂರುವ ತೊಟ್ಟಿಲನ್ನೇ ಕಾರ್ಬನ್ನಿನಲ್ಲಿ ರಚಿಸಿದರು. ಅದು ತಯಾರಾದುದು ಅಮೆರಿಕದ ಸಾಲ್ಟ್‌ಲೇಕ್ ನಗರದ ಹರ್ಕ್ಯುಲೀಸ್ ಸಂಸ್ಥೆಯಲ್ಲಿ. ಅಡ್ಡಪೆಟ್ಟಿಗೆ ಅದು ಪುಡಿಯಾಗುವುದೆಂದು ಸಂದೇಹಪಟ್ಟವರು ಬಹಳ ಜನ. ಆ ವರ್ಷ ಸೆಪ್ಟೆಂಬರಿನಲ್ಲಿ ಇಟಲಿಯ ಮೋಂಜಾ ಪಂದ್ಯದಲ್ಲಿ ಜಾನ್ ವಾಟ್ಸನ್ನರ ಗಾಡಿ ತಡೆಗೋಡೆಗೆ ಬಡಿದು, ಯಂತ್ರವಿದ್ದ ಹಿಂಭಾಗ ಕಿತ್ತುಹೋಯಿತು. ತೊಟ್ಟಿಲು ಉಳಿಯಿತು. ವಾಟ್ಸನ್ನರು ಎದ್ದು ನಡೆದು ಹೋದರು.

ಬಾನೆಟ್ಟಿನ ವ್ಯಾಪಾರಿ ಮಾರತಕ್ಕದ್ದು ಈ ಎರಡನೆಯ ಕಥೆಯನ್ನು. ಮೊದಲನೆಯದನ್ನು ಅವನು ಎತ್ತುವುದಿಲ್ಲ. ಆದರೆ ವಾಟ್ಸನ್ನರನ್ನು ಉಳಿಸಿದುದು ಕಾರ್ಬನ್ ಎಂಬ ಹೆಸರಲ್ಲ. ಎಷ್ಟು ಪದರ, ಯಾವ ದಿಕ್ಕು, ಎಷ್ಟು ರಾಳ, ಎಷ್ಟು ಒತ್ತಡ, ಎಷ್ಟು ಶಾಖ ಎಂಬುದನ್ನು ಲೆಕ್ಕ ಹಾಕಿದವರ ಕೈ ಅವರನ್ನು ಉಳಿಸಿತು. ಅಂಥ ಕೆಲಸದಲ್ಲಿ ಬಟ್ಟೆಗೆ ಅಳತೆಯ ರಾಳವನ್ನು ಮೊದಲೇ ಊಡಿರುತ್ತಾರೆ. ಹಾಸಿದ ಪದರಗಳಿಂದ ಗಾಳಿಯನ್ನು ಹೀರಿ ತೆಗೆದು, ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿಟ್ಟು ಬೇಯಿಸುತ್ತಾರೆ. ಅಗ್ಗದ ಬಾನೆಟ್ಟಿನ ಜನ್ಮವೇ ಬೇರೆ. ಕಾರ್ಖಾನೆಯ ಬಾನೆಟ್ಟೊಂದರ ಮೇಲೆಯೇ ಅಚ್ಚು ತೆಗೆಯುತ್ತಾರೆ. ಅದರಲ್ಲಿ ತಗ್ಗುಡುಬ್ಬುಗಳಿದ್ದರೆ ಅವೂ ಅಚ್ಚಿಗೆ ಇಳಿಯುತ್ತವೆ. ಅಚ್ಚಿನೊಳಕ್ಕೆ ಕಣ್ಣಿಗೆ ಕಾಣಬೇಕಾದ ಕಾರ್ಬನ್ ಬಟ್ಟೆಯ ಒಂದು ಪದರ. ಅದರ ಹಿಂದೆ ಗಾಜಿನ ನಾರಿನ ಪದರಗಳು. ಕುಂಚದಿಂದ ರಾಳ ಬಳಿದು ತೋಯಿಸಿ ಒಣಗಲು ಬಿಡುತ್ತಾರೆ. ಕುಂಚ ರಾಳವನ್ನು ಅಳೆಯುವುದಿಲ್ಲ. ಹೆಚ್ಚಾದ ರಾಳ ತೂಕವನ್ನು ಕೂಡಿಸುತ್ತದೆಯೇ ಹೊರತು ಬಲವನ್ನಲ್ಲ. ಹೊರಗಿನಿಂದ ನೋಡಿದರೆ ಎರಡು ಬಾನೆಟ್ಟುಗಳೂ ಅವಳಿಜವಳಿ. ಬಣ್ಣ ಬಳಿಯದಿರುವುದು ಪ್ರಾಮಾಣಿಕತೆಯಂತೆ ತೋರುತ್ತದೆ. ಆದರೆ ಅಲ್ಲಿ ಬಿಚ್ಚಿ ತೋರಿಸಿರುವುದು ಮೇಲಿನ ಒಂದು ಪದರವನ್ನು ಮಾತ್ರ.

ಹಗುರತನದ ಲೆಕ್ಕವನ್ನೂ ಇಲ್ಲಿ ಹೇಳಿಬಿಡಬಹುದು. ಒಂದೇ ಗಾತ್ರದ ನೀರಿಗೆ ಹೋಲಿಸಿದರೆ ಉಕ್ಕು ೭.೮ರಷ್ಟು, ಅಲ್ಯೂಮಿನಿಯಮ್ ೨.೭ರಷ್ಟು, ಒಳ್ಳೆಯ ಕಾರ್ಬನ್ ಹಾಳೆ ೧.೬ರಷ್ಟು ಭಾರ. ಉಕ್ಕಿನ ಬಾನೆಟ್ಟನ್ನು ಬದಲಿಸಿದವನಿಗೆ ನಿಜವಾದ ಉಳಿತಾಯವುಂಟು. ಅದೂ ಗಾಡಿಯ ಮೂಗಿನ ಮೇಲಿನ ಉಳಿತಾಯವಾದುದರಿಂದ ತಿರುವಿನಲ್ಲಿ ಅನುಭವಕ್ಕೆ ಬರಬಹುದು. ಆದರೆ ಸ್ಕೈಲೈನ್ ಜಿ.ಟಿ.-ಆರ್. ಗಾಡಿಗೆ ೧೯೮೯ರಿಂದಲೇ ಬಾನೆಟ್ಟು ಅಲ್ಯೂಮಿನಿಯಮಿನದು. ಅದನ್ನು ತೆಗೆದು ಗಾಜಿನ ನಾರು ತುಂಬಿದ ಬಾನೆಟ್ಟನ್ನು ಹಾಕಿದವನು, ಒಂದೂವರೆ ಟನ್ನಿನ ಗಾಡಿಯಲ್ಲಿ ಉಳಿಸುವುದು ಬಹಳವೆಂದರೆ ಕೆಲವೇ ಕಿಲೋ. ಅಷ್ಟನ್ನು ಪೆಟ್ರೋಲು ತೊಟ್ಟಿಯನ್ನು ಅರ್ಧಕ್ಕೆ ನಿಲ್ಲಿಸಿಯೂ ಉಳಿಸಬಹುದಾಗಿತ್ತು.

ಹಣ ಹೋದರೆ ಹೋಗಲಿ. ಬಾನೆಟ್ಟು ಎಂಬುದು ಬರಿಯ ಮುಚ್ಚಳವಲ್ಲ. ಲೋಹದ ಬಾನೆಟ್ಟಿನ ಒಳಮೈಯಲ್ಲಿ ಒಂದು ಅಸ್ಥಿಪಂಜರವಿರುತ್ತದೆ. ಡಿಕ್ಕಿಯಾದಾಗ ಎಲ್ಲಿ ಮಡಿಯಬೇಕೆಂದು ಗೊತ್ತುಮಾಡಿದ ತಾವುಗಳು ಅದರಲ್ಲಿವೆ. ಆ ತಾವುಗಳಲ್ಲಿ ಅದು ಮಡಿದು ಪೆಟ್ಟನ್ನು ನುಂಗುತ್ತದೆ. ಹಿಂದಕ್ಕೆ ಸರಿದು ಮುಂಗಾಜನ್ನು ಸೀಳುವುದಿಲ್ಲ. ಕಾರ್ಬನ್ ಹಾಳೆ ಮಡಿಯುವ ಜಾತಿಯಲ್ಲ. ಲೆಕ್ಕ ಹಾಕಿ ಮಾಡಿದ್ದರೆ ಪುಡಿಪುಡಿಯಾಗುತ್ತ ಪೆಟ್ಟನ್ನು ನುಂಗಬಲ್ಲುದು. ಲೆಕ್ಕವಿಲ್ಲದೆ ಮಾಡಿದುದು ಹೇಗೆ ಒಡೆಯುವುದೋ ಹೇಳಬಲ್ಲವರಿಲ್ಲ. ಇನ್ನು ಚಿಲಕದ ಕೊಂಡಿ. ಗಾಡಿ ಓಡುವಾಗ ಕೆಳಗಿನಿಂದ ನುಗ್ಗಿದ ಗಾಳಿ ಬಾನೆಟ್ಟನ್ನು ಮೇಲಕ್ಕೆ ತಳ್ಳುತ್ತದೆ. ಮೇಲೆ ಹರಿಯುವ ಗಾಳಿ ಅದನ್ನು ಸೆಳೆಯುತ್ತದೆ. ಈ ಜಗ್ಗಾಟವೆಲ್ಲ ಮುಂದಿನ ಆ ಒಂದು ಕೊಂಡಿಯ ಮೇಲೆ. ಕೊಂಡಿಯನ್ನು ಒಳಪಂಜರಕ್ಕೆ ಬರಿಯ ರಾಳದಿಂದ ಅಂಟಿಸಿದ್ದರೆ, ಯಂತ್ರದ ಬಿಸಿಗೂ ಬಿಸಿಲಿಗೂ ಮೆತ್ತಗಾದ ರಾಳ ಒಂದು ದಿನ ಕೈಬಿಡುತ್ತದೆ. ಹೆದ್ದಾರಿಯ ನಡುವೆ ಬಾನೆಟ್ಟು ಎದ್ದು ಮುಂಗಾಜಿಗೆ ಬಡಿದು ಚಾಲಕನ ಕಣ್ಣು ಕಟ್ಟಿದ ಪ್ರಸಂಗಗಳು ಈ ಹವ್ಯಾಸದವರಲ್ಲಿ ಅಪರೂಪವಲ್ಲ. ಆದುದರಿಂದಲೇ ತಿಳಿದ ತಯಾರಕರು ಕಾರ್ಖಾನೆಯ ಚಿಲಕವೊಂದನ್ನೇ ನಂಬದೆ ಎರಡು ಪಕ್ಕಗಳಲ್ಲಿಯೂ ಪಿನ್ನು ಹಾಕಿಸಬೇಕೆಂದು ಹೇಳುತ್ತಾರೆ. ಅಂದ ಕೆಡುವುದೆಂದು ಅದನ್ನು ಬಿಡುವವರೂ ಇದ್ದಾರೆ. ಆಗ ಪಣವಾಗುವುದು ಅವರ ಪ್ರಾಣವೊಂದೇ ಅಲ್ಲ. ಹಿಂದೆ ಬರುವ ಗಾಡಿಯವನು ಈ ಅಂದಕ್ಕೆ ಒಪ್ಪಿಗೆ ಕೊಟ್ಟವನಲ್ಲವಷ್ಟೆ.

ಇದನ್ನು ತಯಾರಿಸುವ ಕೆಲಸಗಾರನ ಪಾಡು ಬೇರೆ. ಅಚ್ಚಿನಿಂದ ಬಿಡಿಸಿದ ಬಾನೆಟ್ಟಿನ ಅಂಚುಗಳನ್ನು ಕೊಯ್ದು ಉಜ್ಜಬೇಕು. ಆಗ ಏಳುವ ಕರಿಯ ಧೂಳು ಚರ್ಮಕ್ಕೆ ನವೆ, ಉಸಿರಿಗೆ ತೊಂದರೆ. ಮೂಗಿಗೆ ಮುಸುಕೂ ಧೂಳು ಹೀರುವ ಯಂತ್ರವೂ ಇಲ್ಲದ ಕೊಟ್ಟಿಗೆಯಲ್ಲಿ ಬಾನೆಟ್ಟು ಅಗ್ಗವಾಗುತ್ತದೆ. ಮುರಿದ ಉಕ್ಕು ಕುಲುಮೆಗೆ ಹೋಗಿ ಮತ್ತೆ ಉಕ್ಕಾಗುತ್ತದೆ. ರಾಳದಲ್ಲಿ ಒಮ್ಮೆ ಗಟ್ಟಿಯಾದ ಈ ಬಟ್ಟೆಗೆ ಅಂಥ ಸುಲಭವಾದ ಮರುಜನ್ಮವಿಲ್ಲ.

ಬಿಸಿಲಿಗೂ ಅದಕ್ಕೂ ಆಗದು. ಎಪಾಕ್ಸಿ ರಾಳ ಸೂರ್ಯನ ಅತಿನೇರಳೆ ಕಿರಣಕ್ಕೆ ಹಳದಿಗಟ್ಟುತ್ತದೆ. ವಾರ್ನಿಷು ಸವೆದಲ್ಲಿ ಮಂಜು ಮುಸುಕಿದಂತೆ ಬೆಳ್ಳಗಾಗುತ್ತದೆ. ಬಣ್ಣವಿದ್ದರೆ ಆ ಕಿರಣ ರಾಳಕ್ಕೆ ತಾಗುವುದೇ ಇಲ್ಲ. ನಿಸ್ಸಾನಿನವರು ಬಳಿದ ಬಣ್ಣ ಸಂಕೋಚದ ಫಲವೋ ವಿವೇಕದ ಫಲವೋ, ಬಾನೆಟ್ಟಿಗಂತೂ ಅದೇ ಕೊಡೆಯಾಯಿತು. ಮರೆಸುವ ಆ ಕಾಲ ಕಾರ್ಖಾನೆಗಳಲ್ಲಿಯೂ ಕಳೆಯಿತೆಂಬುದು ನಿಜ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿಯವರು ೨೦೦೩ರ ಎಂ-೩ ಸಿ.ಎಸ್.ಎಲ್. ಗಾಡಿಯ ಕಾರ್ಬನ್ ಮಾಡನ್ನು ಬಣ್ಣ ಬಳಿಯದೆ ಬರಿದಾಗಿಯೇ ಬಿಟ್ಟರು. ಅದನ್ನು ಕಂಡು ಕಾರ್ಬನ್ನಿನ ಚಿತ್ರ ಮುದ್ರಿಸಿದ ಅಂಟುಹಾಳೆಯನ್ನು ಉಕ್ಕಿನ ಮಾಡಿಗೆ ಹಚ್ಚುವವರ ಸಂತಾನ ಹೆಚ್ಚಿತು. ಅವರಾದರೂ ವಾಸಿ, ಆ ಅಂಟುಹಾಳೆಯ ಕೆಳಗಿನ ಉಕ್ಕು ಮಡಿಯಬೇಕಾದ ಕಡೆ ಮಡಿಯುತ್ತದೆ.

ಯೊಕೊಹಾಮಾ ಬಂದರಿನ ಹೆದ್ದಾರಿಗಳು ಕೂಡುವೆಡೆಯಲ್ಲಿ ಡೈಕೋಕು ಎಂಬ ಗಾಡಿ ನಿಲ್ಲಿಸುವ ಬಯಲಿದೆ. ವಾರದ ಕೊನೆಯ ರಾತ್ರಿಗಳಲ್ಲಿ ಇಂಥ ಗಾಡಿಗಳ ಯಜಮಾನರು ಅಲ್ಲಿ ಸೇರಿ, ಬಾನೆಟ್ಟುಗಳನ್ನು ಎತ್ತಿ ನಿಲ್ಲಿಸಿ, ಒಬ್ಬರ ಗಾಡಿಯನ್ನು ಒಬ್ಬರು ನೋಡುವುದುಂಟು. ಹೊಸಬರು ಯಂತ್ರವನ್ನು ನೋಡುತ್ತಾರೆ. ಪಳಗಿದವರು ಕತ್ತು ಹೊರಳಿಸಿ ಎತ್ತಿದ ಬಾನೆಟ್ಟಿನ ಒಳಮೈಯನ್ನು ನೋಡುತ್ತಾರೆ: ಪಂಜರ ಯಾವುದರದು, ಕೊಂಡಿಯ ಬುಡದಲ್ಲಿ ಲೋಹದ ತಗಡು ಹುದುಗಿದೆಯೇ, ರಾಳ ಕೊಳೆಕೊಳೆಯಾಗಿ ನಿಂತಿದೆಯೇ. ಜನ ಹೆಚ್ಚಾದರೆ ಪೋಲೀಸರು ಧ್ವನಿವರ್ಧಕದಲ್ಲಿ ಕೂಗಿ ಬಯಲನ್ನು ತೆರವು ಮಾಡಿಸುತ್ತಾರೆ. ಆಗ ಬಾನೆಟ್ಟುಗಳು ಒಂದೊಂದಾಗಿ ಇಳಿಯುತ್ತವೆ. ಉಕ್ಕಿನದು ತನ್ನ ಭಾರಕ್ಕೆ ತಾನೇ ಬಿದ್ದು ಚಿಲಕ ಕಚ್ಚಿಕೊಳ್ಳುತ್ತದೆ. ಕಾರ್ಬನ್ನಿನದನ್ನು ಹಾಗೆ ಬೀಳಗೊಡುವಂತಿಲ್ಲ; ಎರಡು ಅಂಗೈಗಳನ್ನೂ ಊರಿ, ಚಿಲಕ ಬೀಳುವ ಸದ್ದಾಗುವವರೆಗೆ ಮೆಲ್ಲಗೆ ಒತ್ತಿ, ಆಮೇಲೆ ಬಗ್ಗಿ ಎರಡು ಪಿನ್ನುಗಳನ್ನೂ ಹಾಕಬೇಕು.