ರಾಗದೊಳಗೆ ಅಡಗಿದ ಜಾಗ

ಮಕ್ಕಳೇ, ಲೋಕದ ತುಂಬ ಲಕ್ಷಾಂತರ ಪುಟ್ಟ ಡಬ್ಬಿಗಳು ಬಚ್ಚಿಟ್ಟುಕೊಂಡು ಕೂತಿವೆ ಎಂದರೆ ನಂಬುತ್ತೀರಾ? ಅವನ್ನು ಹುಡುಕುವ ಆಟದ ಹೆಸರು ಜಿಯೋಕ್ಯಾಷಿಂಗ್. ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಜನರಿಗೆ ಬೇಕೆಂದೇ ಮಸುಕು ಮಾಡಿ ಕೊಡುತ್ತಿತ್ತು. 2000ದ ಮೇ 2ರಂದು ಅದನ್ನು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಎಂಬುವರು ಆರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿದರು. ಆಟ ಶುರುವಾಯಿತು.

ಅದೇ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ನನ್ನ ಮಗಳ ಮನೆ. ಹತ್ತು ವರ್ಷದ ಮೊಮ್ಮಗಳಿಗೆ ಈ ಆಟದ ಹುಚ್ಚು. ಅವಳ ಚೀಲದಲ್ಲಿ ಟಾರ್ಚು, ಸಂದಿಯೊಳಗೆ ಇಣುಕಲು ಪುಟ್ಟ ಕನ್ನಡಿ, ಬೆರಳುದ್ದದ ಡಬ್ಬಿಯಿಂದ ಸುರುಳಿ ಚೀಟಿ ಎಳೆಯಲು ಚಿಮಟ, ಹೆಸರು ಬರೆಯಲು ಪೆನ್ಸಿಲ್. ಹೆಸರು ಬರೆದ ಮೇಲೆ ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಮಂಡಿನೋವಿನ ನಾನು ಕಿಟಕಿಯಲ್ಲಿ ಕಾಯುತ್ತಿದ್ದೆ. "ಊಟ ಆಯ್ತಾ ಪುಟ್ಟಿ?" "ಆಯ್ತಜ್ಜಿ." ನಮ್ಮ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಒಂದು ದಿನ ಅವಳು ಒಗಟಿನ ಡಬ್ಬಿಯ ವಿಷಯ ಹೇಳಿದಳು. ಅದರಲ್ಲಿ ನಕ್ಷೆ ತೋರಿಸುವ ಜಾಗ ನಿಜವಾದದ್ದಲ್ಲ. ಒಗಟು ಬಿಡಿಸಿದರೇ ನಿಜವಾದ ಅಂಕಿಗಳು ಸಿಗುವುದು. ಅಂಥದ್ದೊಂದನ್ನು ತಾನೂ ಕಟ್ಟಬೇಕೆಂದು ಅವಳಿಗೆ ಆಸೆ.

"ಅಂಕಿಯನ್ನು ಅಕ್ಷರದಲ್ಲಿ ಅಡಗಿಸೋ ವಿದ್ಯೆ ನಮ್ಮಲ್ಲೇ ಇದೆ ಕಣೇ" ಎಂದೆ. ಅದೇ ಕಟಪಯಾದಿ. ಕ ದಿಂದ ಝ ವರೆಗೆ 1ರಿಂದ 9. ಟ ದಿಂದ ಧ ವರೆಗೂ ಹಾಗೆಯೇ. ಪ ದಿಂದ ಮ ವರೆಗೆ 1ರಿಂದ 5. ಯ ದಿಂದ ಹ ವರೆಗೆ 1ರಿಂದ 8. ಞ, ನ ಎರಡೂ ಸೊನ್ನೆ. ಬಂದ ಅಂಕಿಗಳನ್ನು ತಿರುವಿ ಓದಬೇಕು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಅವುಗಳ ಸಂಖ್ಯೆ ಅಡಗಿದೆ.

ಅವರ ಊರಿನ ಅಕ್ಷಾಂಶ 45 ಡಿಗ್ರಿ, 31 ಮಿನಿಟು. ಶುಭಪಂತುವರಾಳಿಯಲ್ಲಿ ಶ 5, ಭ 4, ತಿರುವಿದರೆ 45! ಯಾಗಪ್ರಿಯದಲ್ಲಿ ಯ 1, ಗ 3, ತಿರುವಿದರೆ 31! ಪುಟ್ಟಿ ಕುಣಿದಾಡಿದಳು. ಅಮ್ಮ ಎಷ್ಟು ಹೇಳಿದರೂ ಕಲಿಯದ ಕನ್ನಡ ಅಕ್ಷರಮಾಲೆ ಎರಡೇ ವಾರದಲ್ಲಿ ಬಾಯಿಗೆ ಬಂತು.

ಆದರೆ ರೇಖಾಂಶ 122 ಡಿಗ್ರಿ. ರಾಗಗಳು 72ಕ್ಕೇ ಮುಗಿದವಲ್ಲ! ನಾನೂ ಸೋತು ಕೂತೆ. ಪುಟ್ಟಿ ಅಡುಗೆಮನೆಗೆ ಹೋಗಿ, ಅವಳಮ್ಮ ಡಬ್ಬಿಗಳ ಮೇಲೆ ಅಂಟಿಸಿದ್ದ ಚೀಟಿಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಸ್ವಲ್ಪ ಹೊತ್ತಿಗೆ ಕೂಗು ಕೇಳಿಸಿತು: "ಖ ಎರಡು, ರ ಎರಡು, ಪ ಒಂದು! ಅಜ್ಜೀ, ಖಾರಪುಡಿ!"

ನಿಮ್ಮ ಮನೆಯ ಬಾಗಿಲ ಸಂಖ್ಯೆ ಯಾವ ಪದದಲ್ಲಿ ಅಡಗಿದೆಯೋ? ಅಜ್ಜಿಯನ್ನೋ ತಾತನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಿ ನೋಡಿ.