ಜಾಂಬೋಟಿಯ ಹಾದಿಯಲ್ಲಿ

ಬೆಳಗಾವಿಯಿಂದ ಚೋರ್ಲಾ ಘಟ್ಟದ ಹಾದಿ ಹಿಡಿದ ಪ್ರಯಾಣಿಕನಿಗೆ ಮೊದಲು ಕಾಣುವುದು ಹೊಲಗಳಲ್ಲಿ ನೆಟ್ಟ ನಿವೇಶನದ ಕಲ್ಲುಗಳು. ಜಾಂಬೋಟಿ ಸಮೀಪಿಸಿದಂತೆ ದಟ್ಟವಾದ ಕಾಡು.

ನಗರದ ಬೆಳವಣಿಗೆಗೆ ಕಡಿವಾಣವುಂಟು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಮೇರೆಗೆ ನಗರಾಭಿವೃದ್ಧಿ ಪ್ರಾಧಿಕಾರವು ವಸತಿ, ವ್ಯಾಪಾರ, ಕೈಗಾರಿಕೆ, ಕೃಷಿಗಳಿಗೆ ಬೇರೆ ಬೇರೆ ವಲಯಗಳನ್ನು ಗೊತ್ತುಪಡಿಸುತ್ತದೆ. ಭೂಮಿಯ ಉಪಯೋಗವನ್ನು ಬದಲಿಸುವವನಿಂದ ಶುಲ್ಕವನ್ನೂ ಪಡೆಯುತ್ತದೆ. ಹೊಸ ಬಡಾವಣೆಯ ರಸ್ತೆ, ಚರಂಡಿ, ನೀರಿನ ವೆಚ್ಚವು ಹಳೆಯ ನಿವಾಸಿಗಳ ಹೆಗಲೇರಬಾರದೆಂಬುದೇ ಇದರ ನ್ಯಾಯ.

ಜಾಂಬೋಟಿಯ ಲೆಕ್ಕವೇ ಬೇರೆ. ಮುಂದಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯೇ ಹುಬ್ಬಳ್ಳಿ-ಧಾರವಾಡಗಳಿಗೆ ಕುಡಿಯುವ ನೀರು. ನೆರೆಯ ಭೀಮಗಡದ ಅರಣ್ಯ 2011ರಲ್ಲಿ ವನ್ಯಜೀವಿಧಾಮವಾಯಿತು. ಶುಲ್ಕದಿಂದ ರಸ್ತೆ ಕಟ್ಟಿಸಬಹುದು, ನದಿಯ ತವರನ್ನು ಕಟ್ಟಿಸಲಾಗದು. ಇಲ್ಲಿ ರಸೀದಿಗಿಂತ ಕಾಡಿನಂಚಿನ ಗೆರೆಯೇ ಬೆಲೆಯುಳ್ಳದ್ದು.